ಬಾಣದ ಗುರುತು ಕೊನೆಗೆ: ಚಿಕ್ಕ ಮಕ್ಕಳಿಗೆ ಜಲಚಕ್ರ ಮತ್ತು ತಮ್ಮೂರಿನ ಹವಾಗುಣ ಕಲಿಸುವ ಬಗೆ

ಜಲಚಕ್ರದ ಪಾಠವನ್ನು ಮೊದಲ ಸಲ ಮಾಡಿದಾಗ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಕಪ್ಪುಹಲಗೆಯ ಮೇಲೆ ಒಂದು ಸಮುದ್ರ, ಒಂದು ಬೆಟ್ಟ, ಮೂಲೆಯಲ್ಲಿ ನಗುವ ಸೂರ್ಯ, ನಡುವೆ ನಾಲ್ಕು ಬಾಣ. ಮಕ್ಕಳು ಅಚ್ಚುಕಟ್ಟಾಗಿ ನಕಲು ಮಾಡಿಕೊಂಡರು, ಪರೀಕ್ಷೆಯಲ್ಲೂ ಹಾಗೆಯೇ ಬರೆದು ಪೂರ್ತಿ ಅಂಕ ಗಿಟ್ಟಿಸಿದರು. ವಾರದ ನಂತರ ಅದೇ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದು ಆರಿದ ಮೇಲೆ "ನೀರು ಎಲ್ಲಿ ಹೋಯಿತು?" ಎಂದು ಕೇಳಿದೆ. "ಹಲಗೆ ಕುಡಿಯಿತು" ಎಂದಿತು ಅರ್ಧ ತರಗತಿ. ಒಬ್ಬಳು ಮಾತ್ರ ನನ್ನ ದಡ್ಡತನಕ್ಕೆ ಮರುಗುವವಳಂತೆ, "ಎಲ್ಲೂ ಹೋಗಿಲ್ಲ ಸರ್, ಆರಿತು ಅಷ್ಟೆ" ಎಂದಳು.

ತಪ್ಪು ಅವಳದಲ್ಲ. ನಮ್ಮ ಭಾಷೆಯೇ ಹಾಗಿದೆ. ನೆಲ ಆರಿತು, ಬಟ್ಟೆ ಒಣಗಿತು ಎನ್ನುತ್ತೇವೆ. ನೀರು ಎತ್ತ ಹೋಯಿತು ಎಂಬುದನ್ನು ಆ ಮಾತು ಹೇಳುವುದೇ ಇಲ್ಲ. ಕಣ್ಣಿಗೆ ಕಾಣದಂತಾದ ನೀರು ಇನ್ನೂ ಇದೆ ಎಂದು ನಂಬುವುದೇ ಈ ಪಾಠದ ಕಷ್ಟದ ಭಾಗ. ಅದನ್ನು ದಾಟಿದರೆ ಉಳಿದದ್ದು ಸಲೀಸು. ಆದ್ದರಿಂದ ನಾನೀಗ ಬಾಣಗಳ ಚಿತ್ರವನ್ನು ಕೊನೆಗೆ ಇಡುತ್ತೇನೆ. ಮೂರರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಕೆಳಗಿನ ಕ್ರಮ ಒಗ್ಗುತ್ತದೆ. ಪ್ರಯೋಗಗಳಿಗೆ ಎರಡು ವಾರ ಸಾಕು. ಮಳೆಯ ಲೆಕ್ಕಕ್ಕೆ ಮಾತ್ರ ಇಡೀ ವರ್ಷ ಬೇಕು.

ಹೆಜ್ಜೆ 1: ಒದ್ದೆ ಗುರುತಿನ ಸುತ್ತ ಗೆರೆ

ಸಿಮೆಂಟ್ ನೆಲದ ಮೇಲೆ ಒಂದು ಲೋಟ ನೀರು ಚೆಲ್ಲಿ, ಅದರ ಅಂಚಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಸಿ. ಹತ್ತು ನಿಮಿಷಕ್ಕೊಮ್ಮೆ ಹೋಗಿ ಹೊಸ ಅಂಚಿಗೆ ಹೊಸ ಗೆರೆ. ಒಂದರೊಳಗೊಂದು ಗೆರೆಗಳು ಬೀಳುತ್ತ ಕೊನೆಗೆ ನಡುವೆ ಏನೂ ಉಳಿಯುವುದಿಲ್ಲ. "ನೆಲ ಕುಡಿಯಿತು" ಎಂದೇ ಮಕ್ಕಳು ಮತ್ತೆ ಹೇಳುತ್ತಾರೆ. ವಾದ ಮಾಡಬೇಡಿ. ಮರುದಿನ ಅದೇ ಕೆಲಸವನ್ನು ಗಾಜಿನ ತಟ್ಟೆಯಲ್ಲಿ ಮಾಡಿಸಿ. ಗಾಜು ನೀರು ಕುಡಿಯುವುದಿಲ್ಲ ಎಂಬುದು ಅವರಿಗೂ ಗೊತ್ತು.

ಆಮೇಲೆ ಒಂದೇ ಅಳತೆಯ ನಾಲ್ಕು ಕರವಸ್ತ್ರಗಳನ್ನು ಒದ್ದೆ ಮಾಡಿ. ಒಂದನ್ನು ಬಿಸಿಲಿನಲ್ಲಿ ಹರಡಿ, ಒಂದನ್ನು ಬಿಸಿಲಿನಲ್ಲೇ ಮುದ್ದೆ ಮಾಡಿ ಇಡಿ, ಮೂರನೆಯದನ್ನು ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ, ನಾಲ್ಕನೆಯದನ್ನು ಡಬ್ಬಿಯಲ್ಲಿ ಮುಚ್ಚಿಡಿ. ಯಾವುದು ಮೊದಲು ಒಣಗುತ್ತದೆ ಎಂದು ಮುಂಚೆಯೇ ಬರೆಸಿಕೊಳ್ಳಿ. ನೆರಳಿನ ಬಟ್ಟೆಯೂ ಒಣಗುವುದು, ಬಿಸಿಲಿನ ಮುದ್ದೆ ಒದ್ದೆಯಾಗಿಯೇ ಉಳಿಯುವುದು ಮಕ್ಕಳಿಗೆ ಒಗಟಾಗುತ್ತದೆ. ಸೂರ್ಯ ನೀರನ್ನು ಹೀರಿಕೊಳ್ಳುತ್ತಾನೆ ಎಂಬ ಕಥೆ ಅಲ್ಲಿಗೆ ಸಡಿಲವಾಗುತ್ತದೆ. ಶಾಖ, ಗಾಳಿ, ಹರವು ಮೂರೂ ಸೇರಿ ಕೆಲಸ ಮಾಡುತ್ತವೆ ಎಂದು ಅವರೇ ಹೇಳುವವರೆಗೆ ಕಾಯಿರಿ.

ಹೆಜ್ಜೆ 2: ಹಬೆ ಬೇರೆ, ಆವಿ ಬೇರೆ

ಕುದಿಯುವ ಕೆಟಲಿನ ಬಾಯಿಯನ್ನು ದೂರದಿಂದ ತೋರಿಸಿ. ಬೆಳ್ಳಗೆ ಮೇಲೇಳುವುದನ್ನು ಮಕ್ಕಳು ಆವಿ ಎನ್ನುತ್ತಾರೆ, ದೊಡ್ಡವರೂ ಹಾಗೆಯೇ ಎನ್ನುತ್ತಾರೆ. ಆದರೆ ಮೂತಿಗೆ ತೀರ ಹತ್ತಿರ, ಒಂದೆರಡು ಸೆಂಟಿಮೀಟರಿನಷ್ಟು ಜಾಗ ಖಾಲಿಯಂತೆ ಕಾಣುತ್ತದೆ. ನಿಜವಾದ ಆವಿ ಇರುವುದು ಆ ಖಾಲಿ ಜಾಗದಲ್ಲಿ. ಅದು ಗಾಳಿಯಂತೆ ಕಾಣದ ಅನಿಲ. ಅದರಾಚೆಯ ಬಿಳಿ ಮೋಡ ಎಂದರೆ ತಣಿದು ಮತ್ತೆ ಸಣ್ಣ ಹನಿಗಳಾದ ನೀರು. ನನ್ನ ತರಗತಿಯಲ್ಲಿ ಒಂದು ಒಪ್ಪಂದವಿದೆ: ಕಾಣುವುದು ಹಬೆ, ಕಾಣದ್ದು ಆವಿ. ನಿಘಂಟು ಈ ಎರಡನ್ನೂ ಒಂದೇ ಎಂದರೂ ಪಾಠ ಮುಗಿಯುವವರೆಗೆ ನಮಗೆ ಎರಡು ಬೇರೆ ಹೆಸರುಗಳೇ ಬೇಕು. ಇಷ್ಟು ಸ್ಪಷ್ಟವಾದರೆ, ಮೋಡವೆಂದರೆ ಆವಿ ಎಂಬ ತಪ್ಪು ತಾನಾಗಿ ಬಿದ್ದುಹೋಗುತ್ತದೆ. ಮೋಡ ಕಾಣುತ್ತದೆ, ಹಾಗಾದರೆ ಅದು ಹನಿಗಳೇ ಆಗಿರಬೇಕು.

ಕೆಟಲನ್ನು ಶಿಕ್ಷಕರಷ್ಟೇ ಮುಟ್ಟಬೇಕು. ಕಾಣದ ಆವಿಯೇ ಹೆಚ್ಚು ಸುಡುತ್ತದೆ.

ಹೆಜ್ಜೆ 3: ಬೆವರುವ ಲೋಟ

ಇಡೀ ಪಾಠದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು, ಅವಸರ ಮಾಡಬೇಡಿ. ಗಾಜಿನ ಲೋಟಕ್ಕೆ ಮಂಜುಗಡ್ಡೆ ಮತ್ತು ನೀರು ಹಾಕಿ, ಹೊರಮೈಯನ್ನು ಚೆನ್ನಾಗಿ ಒರೆಸಿ ಮೇಜಿನ ಮೇಲಿಡಿ. ಪಕ್ಕದಲ್ಲಿ ಮಾಮೂಲಿ ನೀರಿನ ಇನ್ನೊಂದು ಲೋಟ ಇರಲಿ. ಐದು ನಿಮಿಷದಲ್ಲಿ ತಣ್ಣನೆಯ ಲೋಟದ ಮೈ ಮೊದಲು ಮಸುಕಾಗಿ, ಆಮೇಲೆ ಸೂಜಿಮೊನೆಯಷ್ಟು ಚುಕ್ಕಿಗಳು ಮೂಡಿ, ಅವು ಒಂದನ್ನೊಂದು ಸೇರಿ ದಪ್ಪವಾಗಿ, ಒಂದು ಹನಿ ಇದ್ದಕ್ಕಿದ್ದಂತೆ ಜಾರಿ ದಾರಿಯಲ್ಲಿ ಸಿಕ್ಕವನ್ನೆಲ್ಲ ಬಾಚಿಕೊಂಡು ಕೆಳಗಿಳಿಯುತ್ತದೆ. ಮಕ್ಕಳ ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಬರಲಿ.

"ಈ ನೀರು ಎಲ್ಲಿಂದ ಬಂತು?" ಎಂದು ಕೇಳಿದರೆ ಲೋಟ ಸೋರುತ್ತಿದೆ, ಮಂಜುಗಡ್ಡೆ ಗಾಜಿನೊಳಗಿಂದ ತೂರಿ ಬಂತು, ಲೋಟ ಬೆವರಿತು ಎಂಬ ಉತ್ತರಗಳು ಬರುತ್ತವೆ. ಎಲ್ಲವನ್ನೂ ಹಲಗೆಯ ಮೇಲೆ ಬರೆಯಿರಿ. ಆಮೇಲೆ ಒಂದೊಂದನ್ನೂ ಪರೀಕ್ಷಿಸುವ ಉಪಾಯವನ್ನು ಅವರಿಂದಲೇ ಕೇಳಿ. ನೀರಿಗೆ ಶಾಯಿ ಬೆರೆಸಿದರೆ? ಹೊರಗಿನ ಹನಿಯನ್ನು ಬಿಳಿ ಕಾಗದಕ್ಕೆ ಒತ್ತಿ ನೋಡಿದರೆ ಬಣ್ಣವೇ ಇಲ್ಲ. ಒಂದು ಗ್ರಾಂವರೆಗೆ ತೋರಿಸುವ ತಕ್ಕಡಿ ಇದ್ದರೆ ಇನ್ನೂ ಚೆನ್ನ: ಲೋಟಕ್ಕೆ ಮುಚ್ಚಳ ಹಾಕಿ ತೂಗಿ, ಅರ್ಧ ಗಂಟೆಯ ನಂತರ ಒರೆಸದೆ ಮತ್ತೆ ತೂಗಿ. ಸೋರಿದ್ದರೆ ತೂಕ ಹಾಗೆಯೇ ಇರಬೇಕಿತ್ತು, ಆದರೆ ಹೆಚ್ಚಾಗಿರುತ್ತದೆ. ಹೊರಗಿನಿಂದ ಏನೋ ಬಂದು ಸೇರಿದೆ. ಹೊರಗೆ ಇರುವುದು ಗಾಳಿ ಮಾತ್ರ. ಆ ಮಾತು ಒಬ್ಬ ಮಗುವಿನ ಬಾಯಿಂದ ಬಂದಾಗ ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಆರಿಹೋದ ನೀರು ಅಲ್ಲಿದೆ.

ಈಗ ಮಾತ್ರ ಪಠ್ಯದ ಪದಗಳನ್ನು ಕೊಡಿ: ಆವಿಯಾಗುವಿಕೆ, ಸಾಂದ್ರೀಕರಣ. ಎರಡನೆಯದಕ್ಕೆ ಘನೀಕರಣ ಎಂದು ಬರೆಯುವುದೂ ಉಂಟು, ಆದರೆ ಘನ ಎಂದೊಡನೆ ಮಕ್ಕಳು ಮಂಜುಗಡ್ಡೆಯನ್ನು ನೆನೆಯುತ್ತಾರೆ. ಆ ಪದದಿಂದ ದೂರ ಇರುವುದು ಒಳ್ಳೆಯದು.

ಒಣಹವೆಯ ದಿನ ಈ ಪ್ರಯೋಗ ಕೈಕೊಡುತ್ತದೆ, ಲೋಟ ಬೆವರುವುದೇ ಇಲ್ಲ. ಗಾಬರಿ ಬೇಡ. ದಿನಾಂಕ ಬರೆದಿಟ್ಟು, ಮಳೆ ಬಂದ ಮರುದಿನ ಮತ್ತೆ ಮಾಡಿ. ಗಾಳಿಯಲ್ಲಿನ ತೇವ ದಿನದಿಂದ ದಿನಕ್ಕೆ ಬೇರೆ ಎಂಬ ಪಾಠ ಪುಕ್ಕಟೆಯಾಗಿ ಸಿಗುತ್ತದೆ.

ಹೆಜ್ಜೆ 4: ಬಾಟಲಿಯಲ್ಲೊಂದು ಮೋಡ

ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ಬೆರಳಗಲ ಬೆಚ್ಚನೆಯ ನೀರು ಹಾಕಿ, ಮುಚ್ಚಿ, ಕುಲುಕಿ. ಬಾಟಲಿಯನ್ನು ಬಿಗಿಯಾಗಿ ಹಿಸುಕಿ ಬಿಡಿ. ಹೆಚ್ಚೇನೂ ಆಗುವುದಿಲ್ಲ. ಈಗ ಶಿಕ್ಷಕರು ಕಡ್ಡಿ ಗೀರಿ, ಆರಿಸಿ, ಆ ಹೊಗೆಯನ್ನು ಸ್ವಲ್ಪ ಬಾಟಲಿಯೊಳಗೆ ಬಿಟ್ಟು ಬೇಗ ಮುಚ್ಚಬೇಕು. ಮತ್ತೆ ಹಿಸುಕಿ ಬಿಟ್ಟರೆ ಒಳಗೆ ಮಂಜು ಕವಿಯುತ್ತದೆ. ಹಿಸುಕಿದರೆ ಮಾಯ, ಬಿಟ್ಟರೆ ಮತ್ತೆ ಮೋಡ. ಗಾಳಿ ಹಿಗ್ಗಿದಾಗ ತಣಿಯುತ್ತದೆ, ತಣಿದಾಗ ಆವಿ ಹನಿಯಾಗುತ್ತದೆ, ಹನಿ ಕೂರಲು ಒಂದು ಕಣ ಬೇಕು. ದೂಳಿಲ್ಲದ ಗಾಳಿಯಲ್ಲಿ ಮೋಡ ಸುಲಭವಾಗಿ ಕಟ್ಟುವುದಿಲ್ಲ ಎಂಬುದನ್ನು ಸ್ಕಾಟ್ಲೆಂಡಿನ ಜಾನ್ ಐಟ್ಕನ್ 1880ರ ಸುಮಾರಿಗೆ ಪ್ರಯೋಗಗಳಿಂದ ತೋರಿಸಿದರು. ಆಕಾಶದಲ್ಲೂ ಇದೇ ನಡೆಯುತ್ತದೆ: ಮೇಲೇರಿದ ಗಾಳಿ ಹಿಗ್ಗಿ ತಣಿಯುತ್ತದೆ.

ಮೋಡಗಳು ಡಿಕ್ಕಿ ಹೊಡೆದರೆ ಮಳೆ ಬರುತ್ತದೆ ಎಂದು ಹೇಳುವ ಮಗು ಪ್ರತಿ ವರ್ಷ ಇರುತ್ತದೆ. ಡಿಕ್ಕಿ ಹೊಡೆಯುವುದು ಮೋಡಗಳಲ್ಲ, ಒಳಗಿನ ಹನಿಗಳು. ಮೋಡದ ಹನಿಯ ಅಡ್ಡಳತೆ ಸುಮಾರು 0.02 ಮಿಲಿಮೀಟರ್, ಮಾಮೂಲಿ ಮಳೆಹನಿಯದು 2 ಮಿಲಿಮೀಟರ್. ಒಂದು ಮಳೆಹನಿಯಾಗಲು ಹತ್ತು ಲಕ್ಷ ಮೋಡದ ಹನಿಗಳು ಕೂಡಬೇಕು. ಲೋಟದ ಮೈಮೇಲೆ ಜಾರಿದ ಹನಿ ಉಳಿದವನ್ನು ಬಾಚಿಕೊಂಡದ್ದನ್ನು ಇಲ್ಲಿ ನೆನಪಿಸಿ. ಹಾಗೆಯೇ, ಮಳೆಹನಿ ಕಣ್ಣೀರಿನ ಆಕಾರದಲ್ಲಿ ಇರುವುದಿಲ್ಲ. ಚಿಕ್ಕದು ಗುಂಡಗೆ, ದೊಡ್ಡದು ಅಡಿಯಲ್ಲಿ ಚಪ್ಪಟೆ. ಇದನ್ನು ಕೇಳಿದ ದಿನದಿಂದ ಮಕ್ಕಳು ಎಲ್ಲ ಪುಸ್ತಕಗಳ ಚಿತ್ರಗಳಲ್ಲೂ ತಪ್ಪು ಹುಡುಕುತ್ತಾರೆ. ಹುಡುಕಲಿ.

ಹೆಜ್ಜೆ 5: ಗಿಡ, ಮಣ್ಣು

ಬೆಳಗ್ಗೆ ಎಲೆಗಳಿರುವ ಒಂದು ಕೊಂಬೆಗೂ ಒಂದು ಒಣ ಕಡ್ಡಿಗೂ ತೆಳು ಪ್ಲಾಸ್ಟಿಕ್ ಚೀಲ ಕಟ್ಟಿ. ಮಧ್ಯಾಹ್ನದ ಹೊತ್ತಿಗೆ ಎಲೆಯ ಚೀಲದಲ್ಲಿ ನೀರು ಸೇರಿರುತ್ತದೆ. ಮೂರು ಸೋಸುಬಟ್ಟಲುಗಳಲ್ಲಿ ಮರಳು, ಜೇಡಿಮಣ್ಣು, ತೋಟದ ಮಣ್ಣು ತುಂಬಿ ಸಮನಾಗಿ ನೀರು ಹೊಯ್ದರೆ, ಎಲ್ಲಿ ಎಷ್ಟು ಬೇಗ ಇಂಗುತ್ತದೆ ಎಂದು ಅವರೇ ನೋಡುತ್ತಾರೆ. ಒಂದು ತರಗತಿಯ ಅವಧಿ ಸಾಕು.

ಇದಕ್ಕೆ ಒಂದು ಕಥೆ ಸೇರಿಸಿ. ನದಿಗಳಿಗೆ ಇಷ್ಟೊಂದು ನೀರು ಎಲ್ಲಿಂದ ಬರುತ್ತದೆ ಎಂಬುದು ದೊಡ್ಡ ಪಂಡಿತರಿಗೂ ಬಹುಕಾಲ ಬಗೆಹರಿದಿರಲಿಲ್ಲ. ಸಮುದ್ರದ ನೀರೇ ನೆಲದಡಿಯ ಬಿಲಗಳಲ್ಲಿ ಮೇಲೇರಿ ಬರುತ್ತದೆ ಎಂದು ಯುರೋಪಿನಲ್ಲಿ ಹಲವರು ನಂಬಿದ್ದರು, ಮಳೆಯೊಂದೇ ಸಾಲದು ಎಂದು ಅವರ ಲೆಕ್ಕ. ಫ್ರಾನ್ಸಿನ ಪಿಯರೆ ಪೆರೊ ಅಳೆದೇ ಬಿಟ್ಟರು. ಸೆನ್ ನದಿಯ ಮೇಲ್ಭಾಗದಲ್ಲಿ ಬೀಳುವ ಮಳೆ, ಅಲ್ಲಿ ಹರಿಯುವ ನೀರಿನ ಸುಮಾರು ಆರು ಪಟ್ಟು ಎಂದು 1674ರಲ್ಲಿ ಪ್ರಕಟಿಸಿದರು. ಸಿಂಡರೆಲ್ಲಾ ಕಥೆ ಬರೆದ ಶಾರ್ಲ್ ಪೆರೊ ಇವರ ತಮ್ಮ ಎಂದು ಹೇಳಿದರೆ ಮಕ್ಕಳು ಹೆಸರು ಮರೆಯುವುದಿಲ್ಲ. ಮಳೆ ಸಾಲದಾಗುವುದಿರಲಿ, ಮಿಕ್ಕಿತ್ತು! ಮಿಕ್ಕ ನೀರು ಎಲ್ಲಿ ಹೋಯಿತು ಎಂದು ಕೇಳಿ. ಚೀಲ ಕಟ್ಟಿದ ಕೊಂಬೆಯನ್ನೂ ಇಂಗಿದ ಮಣ್ಣನ್ನೂ ನೋಡಿದವರು ಉತ್ತರ ಹೇಳುತ್ತಾರೆ.

ಹೆಜ್ಜೆ 6: ಹನಿಯಾಗಿ ದಾಳ ಉರುಳಿಸಿ

ತರಗತಿಯ ಸುತ್ತ ಆರು ನಿಲ್ದಾಣ ಮಾಡಿ: ಸಮುದ್ರ, ಮೋಡ, ಹಿಮ, ನದಿ, ಮಣ್ಣು, ಗಿಡ. ಪ್ರತಿ ಮಗುವೂ ಒಂದು ಹನಿ, ಹೊರಡುವುದು ಸಮುದ್ರದಿಂದ. ಸಮುದ್ರದಲ್ಲಿ 6 ಬಿದ್ದರೆ ಮಾತ್ರ ಮೋಡಕ್ಕೆ, ಇಲ್ಲದಿದ್ದರೆ ಅಲ್ಲಿಯೇ. ಮೋಡದಲ್ಲಿ 1ರಿಂದ 4 ಬಿದ್ದರೆ ಮರಳಿ ಸಮುದ್ರಕ್ಕೆ, 5 ಬಿದ್ದರೆ ಮಣ್ಣಿಗೆ, 6 ಬಿದ್ದರೆ ಹಿಮಕ್ಕೆ. ಹಿಮದಿಂದ ನದಿಗೆ ಹೋಗಲು ಎರಡು ಬಾರಿ ಸತತವಾಗಿ 6 ಬೀಳಬೇಕು. ಮಣ್ಣು, ಗಿಡ, ನದಿಗಳ ನಿಯಮಗಳನ್ನು ಮಕ್ಕಳೇ ಮಾಡಲಿ. ಗಿಡದಿಂದ ನೇರ ನದಿಗೆ ಹೋಗಬಹುದೇ ಎಂದು ಅವರು ಜಗಳವಾಡುವುದೇ ಒಳ್ಳೆಯ ಪಾಠ.

ಐದು ನಿಮಿಷದಲ್ಲಿ ದೂರು ಶುರು: "ಸರ್, ನಾನು ಸಮುದ್ರದಿಂದ ಏಳಲೇ ಆಗುತ್ತಿಲ್ಲ." ಏಳಲು ಆಗದಿರುವುದೇ ಸರಿ. ಸಮುದ್ರ ಸೇರಿದ ನೀರು ಸರಾಸರಿ ಮೂರು ಸಾವಿರ ವರ್ಷಗಳಷ್ಟು ಅಲ್ಲಿಯೇ ಇರುತ್ತದೆ. ಗಾಳಿಗೇರಿದ ಆವಿ ಸುಮಾರು ಒಂಬತ್ತು ದಿನದಲ್ಲಿ ಕೆಳಗಿಳಿಯುತ್ತದೆ. ಬೇಜಾರು ಬರುವಷ್ಟು ಹೊತ್ತು ಆಡಿಸಿ. ಕೊನೆಗೆ ಪ್ರತಿಯೊಬ್ಬರೂ ತಮ್ಮ ಹನಿಯ ದಾರಿಯನ್ನು ಬರೆಯಲಿ. ಒಬ್ಬರದು ಇನ್ನೊಬ್ಬರಂತಿಲ್ಲ, ಯಾರದೂ ದುಂಡಗಿಲ್ಲ. ಜಲಚಕ್ರ ಎಂಬ ಹೆಸರಿನಲ್ಲಿ ಚಕ್ರವಿದ್ದರೂ ಅದು ಗಾಲಿಯಂತೆ ಒಂದೇ ಸಮ ಉರುಳುವುದಿಲ್ಲ. ಈಗ ಬಾಣಗಳ ಚಿತ್ರ ಬರೆಸಿ. ನೀವು ಹೇಳಿಕೊಡಬೇಕಾಗುವುದಿಲ್ಲ.

ಅದೇ ದಿನ ಒಂದು ಲೀಟರ್ ಬಾಟಲಿ ಹಿಡಿದು ಈ ಲೆಕ್ಕ ತೋರಿಸಿ. ಭೂಮಿಯ ನೀರೆಲ್ಲ ಇಷ್ಟು ಎಂದಿಟ್ಟುಕೊಂಡರೆ 970 ಮಿಲಿಲೀಟರ್ ಸಮುದ್ರದ್ದು. ಉಳಿದ 30ರಲ್ಲಿ ಸುಮಾರು 20 ಹಿಮಗಡ್ಡೆ, ಮಿಕ್ಕದ್ದು ಬಹುತೇಕ ಅಂತರ್ಜಲ. ಎಲ್ಲ ನದಿ, ಸಿಹಿನೀರಿನ ಕೆರೆ, ಜೌಗುಗಳು ಸೇರಿದರೆ ಎರಡು ಮೂರು ಹನಿ. ಗಾಳಿಯಲ್ಲಿರುವ ಆವಿ ಮತ್ತು ಮೋಡ ಒಂದು ಹನಿಯ ಐದನೆಯ ಒಂದು ಪಾಲು. ಜಗತ್ತಿನ ಮಳೆಯೆಲ್ಲ ಬರುವುದು ಆ ಪಾಲಿನಿಂದ.

ಹೆಜ್ಜೆ 7: ಮಳೆಮಾಪಕ

ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ ತಲೆಕೆಳಗಾಗಿ ಅದರೊಳಗೇ ಕೂರಿಸಿದರೆ ಮಳೆಮಾಪಕ ಸಿದ್ಧ. ಬುಡದ ಉಬ್ಬುತಗ್ಗುಗಳನ್ನು ಹರಳುಗಲ್ಲು ಹಾಕಿ ಮುಚ್ಚಿ, ಅದರ ಮೇಲೆ ನಿಲ್ಲುವಷ್ಟು ನೀರು ಹೊಯ್ದು, ಆ ಮಟ್ಟಕ್ಕೆ ಸೊನ್ನೆ ಗೆರೆ ಎಳೆಯಿರಿ. ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಪ್ರತಿ ಸಲ ಅಳೆದ ಮೇಲೆ ನೀರನ್ನು ಸೊನ್ನೆಗೆ ತರಬೇಕು. ಜಾಗ ಮುಖ್ಯ: ಹತ್ತಿರದ ಗೋಡೆ ಅಥವಾ ಮರದ ಎತ್ತರದ ಎರಡು ಪಟ್ಟು ದೂರದಲ್ಲಿರಲಿ. ಒಮ್ಮೆ ನಾನು ಸೂರಿನ ಕೆಳಗೆ ಇಟ್ಟು, ಸಣ್ಣ ತುಂತುರಿಗೆ ಬಾಟಲಿ ತುಂಬಿ ಹರಿದು, ಮಕ್ಕಳ ಮುಂದೆ ಪೆಚ್ಚಾಗಿದ್ದೆ.

ದೊಡ್ಡ ಬೋಗುಣಿಗೆ ಹೆಚ್ಚು ಮಳೆ ಬೀಳುವುದಿಲ್ಲವೇ, ಮಿಲಿಮೀಟರಿನಲ್ಲಿ ಅಳೆಯುವುದೇಕೆ ಎಂದು ಕೇಳಿದರೆ, ಅಡಿಯಿಂದ ಬಾಯಿಯವರೆಗೆ ಒಂದೇ ಅಗಲವಿರುವ ಒಂದು ದೊಡ್ಡ, ಒಂದು ಚಿಕ್ಕ ಡಬ್ಬಿಯನ್ನು ಪಕ್ಕಪಕ್ಕ ಮಳೆಯಲ್ಲಿಡಿ. ನೀರಿನ ಪ್ರಮಾಣ ಬೇರೆ, ಆಳ ಒಂದೇ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 60 ಚದರ ಮೀಟರ್ ಚಾವಣಿಯ ಮೇಲೆ 10 ಮಿಲಿಮೀಟರ್ ಬಿದ್ದರೆ 600 ಲೀಟರ್. ಗುಣಾಕಾರ ಕಲಿಯುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ.

ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ ಓದಬೇಕು. ಮಳೆ ಬರದಿದ್ದರೆ ಸೊನ್ನೆ ಬರೆಯಬೇಕು. ಖಾಲಿ ಬಿಟ್ಟ ಮನೆ ಎಂದರೆ ಯಾರೂ ನೋಡಲಿಲ್ಲ ಎಂದರ್ಥ. ಈ ಶಿಸ್ತು ಬರಲು ಒಂದು ತಿಂಗಳು ಹಿಡಿಯುತ್ತದೆ. ಮಳೆಗಾಗಿ ಕಾದು ಬೇಸತ್ತ ಹುಡುಗನೊಬ್ಬ ತನ್ನ ಬಾಟಲಿಯ ನೀರನ್ನೇ ಮಾಪಕಕ್ಕೆ ಸುರಿದದ್ದೂ ಉಂಟು. ಗದರುವ ಬದಲು ಎರಡನೆಯ ಮಾಪಕವನ್ನು ಅಂಗಳದ ಇನ್ನೊಂದು ಮೂಲೆಯಲ್ಲಿ ಇಟ್ಟೆವು. ಎರಡರ ಓದು ತಾಳೆಯಾಗದಿದ್ದರೆ ವಿಚಾರಣೆ.

ತಾಪಮಾಪಕವನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ನೆಲದಿಂದ ಸುಮಾರು 1.25 ಮೀಟರ್ ಎತ್ತರದಲ್ಲಿ ತೂಗುಹಾಕಿ. ಮೋಡಕ್ಕೆ ಮೂರು ಹೆಸರು ಸಾಕು: ರಾಶಿ ಬಿದ್ದ ಕ್ಯುಮುಲಸ್, ಹಾಸಿದ ಸ್ಟ್ರೇಟಸ್, ಹಿಂಜಿದ ಸಿರಸ್. 1802ರಲ್ಲಿ ಲಂಡನ್ನಿನಲ್ಲಿ ಈ ಹೆಸರುಗಳನ್ನು ಮುಂದಿಟ್ಟ ಲ್ಯೂಕ್ ಹೊವಾರ್ಡ್ ಔಷಧ ತಯಾರಕರಾಗಿದ್ದರು, ಆಕಾಶ ನೋಡುವುದು ಅವರ ಹವ್ಯಾಸ.

ಹೆಜ್ಜೆ 8: ಹವಾಮಾನದಿಂದ ಹವಾಗುಣಕ್ಕೆ

ಇಲ್ಲಿ ಕನ್ನಡ ನಮ್ಮ ಕೈಹಿಡಿಯುತ್ತದೆ. ಒಂದು ಮಾನ, ಒಂದು ಗುಣ. ಇವತ್ತು ಅಳೆದದ್ದು ಹವಾಮಾನ. ಬಹುಕಾಲ ಅಳೆದ ಮೇಲೆ ಕಾಣುವ ಸ್ವಭಾವ ಹವಾಗುಣ. ಪಕ್ಕದ ಗೆಳೆಯ ಒಂದು ದಿನ ಸಿಡುಕಿದ ಮಾತ್ರಕ್ಕೆ ಸಿಡುಕು ಅವನ ಗುಣವೇ ಎಂದು ಕೇಳಿ, ಮಕ್ಕಳು ತಟ್ಟನೆ ಹಿಡಿಯುತ್ತಾರೆ. ಪತ್ರಿಕೆಗಳು ಎರಡನ್ನೂ ಕಲಸಿ ಹವಾಮಾನ ಬದಲಾವಣೆ ಎಂದು ಬರೆಯುತ್ತವೆ. ತರಗತಿಯಲ್ಲಿ ನಾವು ಕಟ್ಟುನಿಟ್ಟಾಗಿರೋಣ. ಗುಣ ಹೇಳಲು ಎಷ್ಟು ದಿನ ನೋಡಬೇಕು? ಹವಾಮಾನ ಶಾಸ್ತ್ರಜ್ಞರ ವಾಡಿಕೆಯಲ್ಲಿ 30 ವರ್ಷ. ಈಗ ಬಳಕೆಯಲ್ಲಿರುವ ಸರಾಸರಿ 1991ರಿಂದ 2020ರವರೆಗಿನದು. ನಿಮ್ಮ ಊರಿಗೆ ಹತ್ತಿರದ ಕೇಂದ್ರದ ತಿಂಗಳವಾರು ಸರಾಸರಿಯನ್ನು ಹವಾಮಾನ ಇಲಾಖೆಯ ಜಾಲತಾಣದಿಂದ ಪಡೆದು ಗೋಡೆಗೆ ಅಂಟಿಸಿ.

ನಮ್ಮೂರು ಹೀಗೇಕೆ ಎಂಬುದಕ್ಕೆ ಮೂರು ಪ್ರಶ್ನೆ ಕೇಳಿ. ಸಮುದ್ರ ಎಷ್ಟು ದೂರ? ಮರಳಿನ ಬೋಗುಣಿಯನ್ನೂ ನೀರಿನ ಬೋಗುಣಿಯನ್ನೂ ಅರ್ಧ ಗಂಟೆ ಬಿಸಿಲಿನಲ್ಲಿಟ್ಟು ಆಮೇಲೆ ನೆರಳಿಗೆ ತಂದರೆ, ಮರಳು ಬೇಗ ಕಾಯುವುದೂ ಬೇಗ ತಣಿಯುವುದೂ ತಾಪಮಾಪಕದಲ್ಲಿ ಕಾಣುತ್ತದೆ. ಎಷ್ಟು ಎತ್ತರ? ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಕಡಿಮೆ. ಗಾಳಿ ಬರುವ ದಿಕ್ಕಿಗೆ ಬೆಟ್ಟವಿದೆಯೇ, ನಾವು ಅದರ ಯಾವ ಮಗ್ಗುಲಿನಲ್ಲಿದ್ದೇವೆ? ಬೆಟ್ಟ ಹತ್ತುವ ಗಾಳಿ ಬಾಟಲಿಯ ಮೋಡದಂತೆ ಹಿಗ್ಗಿ ತಣಿದು ಮಳೆ ಸುರಿಸುತ್ತದೆ, ಇಳಿಯುವಾಗ ಒಣಗಿರುತ್ತದೆ. ಮೇಘಾಲಯದ ಮೌಸಿನ್‌ರಾಮ್‌ನಲ್ಲಿ ವರ್ಷಕ್ಕೆ ಸರಾಸರಿ 11,000 ಮಿಲಿಮೀಟರಿಗೂ ಹೆಚ್ಚು ಮಳೆ; ಚಿಲಿ ದೇಶದ ಅರಿಕಾದಲ್ಲಿ ವರ್ಷಕ್ಕೆ ಸರಾಸರಿ ಒಂದು ಮಿಲಿಮೀಟರ್ ಕೂಡ ಇಲ್ಲ.

ಮನೆಯ ಹಿರಿಯರನ್ನು ಮಾತಾಡಿಸಲು ಕಳುಹಿಸುವುದಾದರೆ "ಮೊದಲು ಮಳೆ ಹೇಗಿತ್ತು?" ಎಂದು ಕೇಳಿಸಬೇಡಿ, "ತುಂಬ ಚೆನ್ನಾಗಿತ್ತು" ಎಂಬ ಉತ್ತರವೇ ಬರುತ್ತದೆ. ಆ ಬಾವಿಯಲ್ಲಿ ಬೇಸಿಗೆಗೆ ನೀರು ಎಷ್ಟು ಕೆಳಗಿರುತ್ತಿತ್ತು, ಆ ಹಳ್ಳ ಯಾವ ತಿಂಗಳವರೆಗೆ ಹರಿಯುತ್ತಿತ್ತು ಎಂದು ಕೇಳಿಸಿ. ಬಂದ ಉತ್ತರವನ್ನು ಗೋಡೆಯ ಮೇಲಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡಲಿ. ನೆನಪಿಗೂ ದಾಖಲೆಗೂ ತಾಳೆಯಾಗದ ಕಡೆ ಚರ್ಚೆ ಬಿಸಿಯೇರುತ್ತದೆ.

ಹೆಜ್ಜೆ 9: ಗೋಡೆಯ ಮೇಲೆ ವರ್ಷದ ಮಳೆ

ದಿನಕ್ಕೊಂದು ನೀಲಿ ಕಾಗದದ ಪಟ್ಟಿ. 12 ಮಿಲಿಮೀಟರ್ ಮಳೆಯಾದರೆ ಪಟ್ಟಿಯ ಎತ್ತರವೂ 12 ಮಿಲಿಮೀಟರ್, ಅಳತೆ ಕುಗ್ಗಿಸುವುದು ಬೇಡ. ಬಾಗಿಲ ಪಕ್ಕದ ಗೋಡೆಯ ಮೇಲೆ, ನೆಲದಿಂದ ಶುರುಮಾಡಿ ಒಂದರ ಮೇಲೊಂದು ಅಂಟಿಸುತ್ತ ಹೋಗಿ. ಕೆಲವು ವಾರ ಅದು ಬೆಳೆಯುವುದೇ ಇಲ್ಲ, ಒಂದೇ ರಾತ್ರಿಯಲ್ಲಿ ಮೊಣಕಾಲು ದಾಟುವುದೂ ಉಂಟು. ಬೆಳಗ್ಗೆ ಒಳಗೆ ಬರುವ ಮಗು ಪಕ್ಕದಲ್ಲಿ ನಿಂತು ಮಳೆ ತನಗೆ ಎಲ್ಲಿಯವರೆಗೆ ಬಂತು ಎಂದು ನೋಡಿಕೊಂಡೇ ಕೂರುತ್ತದೆ. ಇಡೀ ಭೂಮಿಯ ವಾರ್ಷಿಕ ಸರಾಸರಿ ಸುಮಾರು ಒಂದು ಮೀಟರ್. ಆ ಎತ್ತರಕ್ಕೆ ಕೆಂಪು ಗೆರೆ ಎಳೆದರೆ ಅದು ಅವರ ಎದೆಯ ಮಟ್ಟಕ್ಕೆ ಬರುತ್ತದೆ. ಮೌಸಿನ್‌ರಾಮ್‌ನದನ್ನು ಅಂಟಿಸಲು ಮೂರಂತಸ್ತಿನ ಕಟ್ಟಡ ಬೇಕಾದೀತು.

ವರ್ಷದ ಕೊನೆಗೆ ಪಟ್ಟಿಗಳನ್ನು ಕಿತ್ತರೂ ದಾಖಲೆ ಪುಸ್ತಕವನ್ನು ಎಸೆಯಬೇಡಿ. ಮುಂದಿನ ತರಗತಿಯ ಕೈಗೆ ಕೊಡಿ. 30 ವರ್ಷದ ಲೆಕ್ಕದಲ್ಲಿ ಒಂದು ಮುಗಿದಿದೆ ಎಂದು ಮೊದಲ ಪುಟದಲ್ಲಿ ಬರೆಸಿ. ಬರೆಯುವುದು ಪೆನ್ಸಿಲಿನಲ್ಲೇ ಇರಲಿ. ಮಳೆಯಲ್ಲಿ ಶಾಯಿ ಹರಡುತ್ತದೆ.